ಬೆರಳು ಬಿಡಿಸುವ ಅಕ್ಕ

ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಅಂಗಿಯ ಯಾವ ಭಾಗ ಹೊಲಿಯುತ್ತಾರೋ ಅದೇ ಅವರ ಹೆಸರು. ಕಾಲರಿನವಳು, ಜೇಬಿನವಳು, ತೋಳಿನವಳು. ಒಮ್ಮೆ ಯಾರದೋ ಮದುವೆಯ ಕರೆಯೋಲೆ ಬಂದಾಗ ಅದರಲ್ಲಿದ್ದ ಹೆಸರು ನೋಡಿ, ಇದ್ಯಾರಪ್ಪಾ ಇವಳು ಎಂದು ಇಡೀ ಮಹಡಿ ತಲೆ ಕೆರೆದುಕೊಂಡಿತ್ತು. ಹೆಣ್ಣು ನಮ್ಮ ಜೇಬಿನವಳೇ. ಕೆಳಗಿನ ಕೂಸುಗಳ ಕೋಣೆಯಲ್ಲಿ ಹಾಲು ಕಾಯಿಸಿ ಬಾಟಲಿ ತೊಳೆಯುವ ನಾನು ಹಾಲಿನವಳು. ನನ್ನ ಜೊತೆ ಆಯಾ ಆಗಿದ್ದವಳು ಬೆರಳಕ್ಕ. ಕೂಸುಗಳ ಬಾಯಿಂದ ಹೆಬ್ಬೆರಳು ಬಿಡಿಸುವುದರಲ್ಲಿ ಅವಳದು ಎತ್ತಿದ ಕೈ, ಅದಕ್ಕೇ ಆ ಹೆಸರು.

ಕೂಸುಗಳ ಕೋಣೆ ಇರುವುದು ಹೊಲಿಗೆ ಮಹಡಿಯ ನೇರ ಕೆಳಗೆ. ಮೇಲೆ ಮಿಷನ್ನುಗಳು ಓಡುತ್ತಿದ್ದರೆ ನಮ್ಮ ಸೂರು ದಿನವಿಡೀ ಗುಂಯ್ ಎನ್ನುತ್ತಿರುತ್ತದೆ, ಕೂಸುಗಳಿಗೆ ಅದೇ ಜೋಗುಳ. ಕರೆಂಟು ಹೋಗಿ ಮಿಷನ್ನು ನಿಂತರೆ ಸಾಕು, ಮಲಗಿದ್ದವೆಲ್ಲ ಒಟ್ಟಿಗೆ ಕಣ್ಣು ಬಿಟ್ಟು ರಾಗ ತೆಗೆಯುತ್ತವೆ. ರಜೆಯ ದಿನ ಮನೆಯಲ್ಲಿ ಮಲಗಿಸುವುದು ಹೇಗೆಂಬುದೇ ತಾಯಂದಿರ ಗೋಳು. ತೋಳಿನವಳಂತೂ ಖಾಲಿ ಮಿಕ್ಸಿ ಓಡಿಸಿ ಮಗನನ್ನು ಮಲಗಿಸುತ್ತಿದ್ದಳು. ಗಂಟೆ ಹೊಡೆದಾಗ ತಾಯಂದಿರು ಹಾಲೂಡಿಸಲು ದಡದಡ ಇಳಿದು ಬರುತ್ತಾರೆ. ಅವರ ಮೈಮೇಲೆಲ್ಲ ದಾರದ ತುಂಡು, ಅರಿವೆಯ ನಾರು. ಅವು ಕೂಸುಗಳ ಕೈಗಂಟಿ ಬೆರಳಿನ ಜೊತೆ ಬಾಯಿಗೆ ಹೋಗುತ್ತಿದ್ದವು.

ಬೆರಳು ಬಿಡಿಸಬೇಕೆಂದು ಮೇಲ್ವಿಚಾರಕಿ ಹಟ ಹಿಡಿದದ್ದು ದಾರದ ಕಾರಣಕ್ಕಾಗಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ ಅವಳ ಚಿಂತೆಯೇ ಬೇರೆ. ಅಂಗಿ ಕೊಳ್ಳುವ ಕಂಪನಿಯವರು ಆಗಾಗ ಕಾರ್ಖಾನೆ ನೋಡಲು ಬರುತ್ತಾರೆ, ಕೂಸುಗಳ ಕೋಣೆಗೂ ಇಣುಕುತ್ತಾರೆ. ಹಿಂದೊಮ್ಮೆ ಬಂದಿದ್ದ ಒಬ್ಬಾಕೆ, ಬಾಯಲ್ಲಿ ಬೆರಳಿಟ್ಟುಕೊಂಡಿದ್ದ ಕೂಸಿನ ಎದುರು ನಿಂತು, ಇದಕ್ಕೆ ಹಸಿವಾಗಿದೆಯಾ ಎಂದು ಕೇಳಿದ್ದಳಂತೆ. ಆ ಒಂದು ಮಾತು ಮೇಲ್ವಿಚಾರಕಿಯ ತಲೆಗೆ ಹೊಕ್ಕಿತು. ಅಂದಿನಿಂದ ಈ ಕೋಣೆಯಲ್ಲಿ ಯಾರ ಬಾಯಲ್ಲೂ ಬೆರಳಿರಬಾರದೆಂದು ಅಪ್ಪಣೆಯಾಯಿತು. ಹಾಲು ಕುಡಿದು ಹೊಟ್ಟೆ ತಮಟೆಯಾಗಿರುವ ಕೂಸೂ ಬೆರಳು ಚೀಪುತ್ತದೆ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ, ಯಾರೂ ಕೇಳಲಿಲ್ಲ.

ಬೆರಳಕ್ಕನಿಗೆ ಮಾತ್ರ ಆ ಅಪ್ಪಣೆ ಸಿಕ್ಕಿದ್ದೇ ಒಂದು ಪದವಿ ಸಿಕ್ಕ ಹಾಗಾಯಿತು. ಅವಳು ಕೂಸುಗಳನ್ನು ಗದರಿದವಳಲ್ಲ, ಬೆರಳಿಗೆ ಕಹಿ ಸವರುವುದೂ ಅವಳಿಗೆ ಹಿಡಿಸುತ್ತಿರಲಿಲ್ಲ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಕೂಸಿನ ಕಣ್ಣು ಸ್ವಲ್ಪ ಮಂಕಾಗಿ ಕೈ ಬಾಯಿಯತ್ತ ಏಳುವ ಹೊತ್ತಿಗೆ ಸರಿಯಾಗಿ, ಚೂರುಬಟ್ಟೆಯಲ್ಲಿ ಕಟ್ಟಿದ ಒಂದು ಗಂಟನ್ನು ಆ ಕೈಯಲ್ಲಿಡುತ್ತಿದ್ದಳು. ಕೈ ಗಂಟು ಹಿಡಿಯುವುದರಲ್ಲಿ ಬಾಯನ್ನು ಮರೆತುಬಿಡುತ್ತಿತ್ತು. ಹಾಗೆ ಮಾಡಿ ಮಾಡಿ ಎಷ್ಟೋ ಕೂಸುಗಳನ್ನು ಬಿಡಿಸಿದಳು. ತಾಯಂದಿರು ಹೊಗಳಿದರೆ, ಅಯ್ಯೋ ಅದೇನು ಮಹಾ ಎನ್ನುತ್ತಲೇ ಅಲ್ಲೇ ನಿಂತಿರುತ್ತಿದ್ದಳು, ಇನ್ನೊಂದು ಮಾತು ಬರಬಹುದೆಂದು.

ಅವಳನ್ನು ಹೊಗಳುವವರು ಬೇರೆ ಯಾರಿದ್ದರು? ಮನೆಗೆ ಹಿರಿಯ ಮಗಳು. ಕೊನೆಯ ಹೆರಿಗೆಯಲ್ಲಿ ತಾಯಿ ಹಾಸಿಗೆ ಹಿಡಿದ ಮೇಲೆ ತಮ್ಮಂದಿರು ತಂಗಿಯರನ್ನೆಲ್ಲ ಸಾಕಿದವಳು ಅವಳೇ. ಒಮ್ಮೆ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರಂತೆ. ಕಿರಿಯ ತಮ್ಮ ಅವಳ ಸೊಂಟ ಬಿಟ್ಟು ಇಳಿಯಲಿಲ್ಲ. ಗಂಡಿನ ತಾಯಿ ಅದು ಇವಳದೇ ಮಗುವೆಂದುಕೊಂಡು, ಏನು ಹೇಳಿದರೂ ನಂಬದೆ ಎದ್ದುಹೋದಳಂತೆ. ಬೆರಳಕ್ಕ ಇದನ್ನು ನಗುತ್ತಾ ಹೇಳುತ್ತಿದ್ದಳು, ನಾನೂ ನಗುತ್ತಿದ್ದೆ. ಆದರೆ ಆ ಕತೆಯನ್ನು ಅವಳು ತೀರಾ ಹೆಚ್ಚು ಸಲ ಹೇಳುತ್ತಿದ್ದಳು. ಒಬ್ಬೊಬ್ಬರನ್ನಾಗಿ ದಡ ಸೇರಿಸಿ ಮುಗಿಸುವಷ್ಟರಲ್ಲಿ ಅವಳ ವಯಸ್ಸು ದಾಟಿತ್ತು. ತಮ್ಮ ತಂಗಿಯರು ಕೆಟ್ಟವರೇನಲ್ಲ. ಯಾರಾದರೂ ಹೆತ್ತಾಗ ಕರೆಸಿಕೊಳ್ಳುತ್ತಿದ್ದರು, ಬಾಣಂತನ ಮುಗಿದ ಮೇಲೆ ಬಸ್ಸು ಹತ್ತಿಸುತ್ತಿದ್ದರು.

ಅವಳಿದ್ದದ್ದು ಒಂದು ಲಾಂಡ್ರಿಯ ಹಿಂದಿನ ಕೋಣೆಯಲ್ಲಿ. ಇಸ್ತ್ರಿಯ ಶಾಖಕ್ಕೆ ಒಂದು ಗೋಡೆ ಸದಾ ಬೆಚ್ಚಗಿರುತ್ತಿತ್ತು, ಅವಳು ಸಂಜೆ ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ರಜೆಯ ದಿನ ಲಾಂಡ್ರಿಯೂ ಮುಚ್ಚಿ ಗೋಡೆ ತಣ್ಣಗಾಗುತ್ತಿತ್ತು. ಆಗ ಅವಳು ಯಾವುದಾದರೂ ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದಳು. ಖಾಲಿ ಸೀಟಿದ್ದರೂ ಮೂವರು ಕೂರುವ ಸೀಟಿನ ನಡುವೆಯೇ ತೂರಿಕೊಳ್ಳುತ್ತಿದ್ದಳು. ಯಾಕೆ ಎಂದರೆ, ಅತ್ತಿತ್ತ ಯಾರಾದರೂ ಇದ್ದರೆ ಬಸ್ಸು ತಿರುಗುವಾಗ ಬೀಳುವುದಿಲ್ಲ ಎಂದಳು. ಅವಳು ಬೀಳುವ ಹೆಂಗಸಲ್ಲ. ಅವಳಿಗೆ ಯಾರಾದರೊಬ್ಬರ ಮೈ ತಾಗಬೇಕಿತ್ತು, ಅಷ್ಟೇ.

ಹೀಗಿರುವಾಗ ಕಾಲರಿನವಳ ಮಗಳು ಬಂದಳು. ಇನ್ನೂ ಕೂರಲು ಕಲಿಯುತ್ತಿದ್ದ ಗುಂಡುಗುಂಡಾದ ಕೂಸು, ಬಂದ ದಿನವೇ ಗುಂಡಮ್ಮ ಎಂದು ಹೆಸರಾಯಿತು. ಕಾಲರಿನವಳ ಗಂಡ ಲಾರಿ ಓಡಿಸುವವನು, ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಗುಂಡಮ್ಮನ ಬಲಗೈ ಹೆಬ್ಬೆರಳು ಚೀಪಿ ಚೀಪಿ ಬೆಳ್ಳಗಾಗಿ, ಗೆಣ್ಣಿನ ಮೇಲೆ ಗಂಟು ಕಟ್ಟಿತ್ತು. ಬಟ್ಟೆಯ ಗಂಟು ಕೊಟ್ಟರೆ ಎಸೆದಳು. ಕೈಗೆ ಕಾಲ್ಚೀಲ ತೊಡಿಸಿದರೆ ಹಲ್ಲಿಲ್ಲದ ಬಾಯಲ್ಲೇ ಕಿತ್ತಳು. ಮೇಲ್ವಿಚಾರಕಿ ತಾನೇ ಬಂದು ಕಹಿ ಔಷಧಿ ಸವರಿದರೆ ಮುಖ ಕಿವುಚಿಕೊಂಡು, ಆಮೇಲೆ ಅದನ್ನೂ ಚಪ್ಪರಿಸಿ ಮುಗಿಸಿದಳು. ನಾನು ನಕ್ಕು ನಕ್ಕು ಬಾಟಲಿ ಕೈಬಿಟ್ಟೆ.

ಕೊನೆಗೊಂದು ಮಧ್ಯಾಹ್ನ ಬೆರಳಕ್ಕ ಬೇರೆ ಏನೂ ತೋಚದೆ ತನ್ನ ಹೆಬ್ಬೆರಳನ್ನೇ ಆ ಮುಷ್ಟಿಯೊಳಗೆ ಕೊಟ್ಟಳು. ಗುಂಡಮ್ಮ ಅದನ್ನು ಹಿಡಿದಳು, ತಿರುಗಿಸಿ ನೋಡಿದಳು, ಎದೆಗೆ ಒತ್ತಿಕೊಂಡು ಹಾಗೆಯೇ ಮಲಗಿಬಿಟ್ಟಳು. ಬಾಯಿ ಖಾಲಿ. ಅಂದಿನಿಂದ ಅದೇ ರೂಢಿಯಾಯಿತು. ಕೂಸಿನ ಬೆರಳು ಒಣಗಿತು, ಗಂಟು ಕರಗಿತು. ಮೇಲ್ವಿಚಾರಕಿ ಎಲ್ಲರ ಮುಂದೆ ಬೆರಳಕ್ಕನ ಬೆನ್ನು ತಟ್ಟಿದಳು. ಇತ್ತ ಮಧ್ಯಾಹ್ನವಿಡೀ ಬೆರಳಕ್ಕ ಆ ಒಂದೇ ತೊಟ್ಟಿಲ ಪಕ್ಕ ಕೂತಿರುವುದು, ಉಳಿದ ಕೂಸುಗಳ ಒದ್ದೆ ಬಟ್ಟೆಯೆಲ್ಲ ನನ್ನ ಪಾಲಿಗೆ ಬೀಳುವುದು. ನನಗೆ ಮೈ ಉರಿಯುತ್ತಿತ್ತು. ಸ್ವಲ್ಪ ಕೈ ಬಿಡಿಸಿಕೊಂಡು ಬಾರೇ ಎಂದರೆ, ಶ್ ಎಂದು ನನಗೇ ಸುಮ್ಮನಿರಲು ಹೇಳುತ್ತಿದ್ದಳು.

ತಿಂಗಳಿಗೊಮ್ಮೆ ಕೂಸುಗಳನ್ನು ತೂಗಿ ನೋಡಲು ಬರುವ ಡಾಕ್ಟರು ಇದನ್ನು ಕೇಳಿ ಮೆಲ್ಲಗೆ ಹೇಳಿದರು. ಈ ವಯಸ್ಸಿನಲ್ಲಿ ಬೆರಳು ಚೀಪಿದರೆ ಏನೂ ಆಗುವುದಿಲ್ಲ, ಕೈ ಚೊಕ್ಕಟವಾಗಿಟ್ಟರೆ ಸಾಕು, ಹೆಚ್ಚಿನ ಮಕ್ಕಳು ಮೂರು ನಾಲ್ಕು ವರ್ಷದ ಹೊತ್ತಿಗೆ ತಾವೇ ಬಿಡುತ್ತವೆ, ಬಿಡದಿದ್ದರೆ ಆಗ ನೋಡಿಕೊಳ್ಳೋಣ. ಈಗ ನೀವು ಅಭ್ಯಾಸ ಬಿಡಿಸಿಲ್ಲ, ಬದಲಾಯಿಸಿದ್ದೀರಿ ಅಷ್ಟೇ ಎಂದು ನಕ್ಕರು. ಮೇಲ್ವಿಚಾರಕಿ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಬೆರಳಕ್ಕ ಅವತ್ತೆಲ್ಲ ಮುಖ ದಪ್ಪ ಮಾಡಿಕೊಂಡಿದ್ದಳು.

ಡಾಕ್ಟರ ಮಾತು ನಿಜವಾಗಲು ಬಹಳ ದಿನ ಬೇಕಾಗಲಿಲ್ಲ. ಕಾಲರಿನವಳು ಕಣ್ಣು ಕೆಂಪಗೆ ಮಾಡಿಕೊಂಡು ಬರತೊಡಗಿದಳು. ಮನೆಯಲ್ಲಿ ಮಗು ಮಲಗುತ್ತಿರಲಿಲ್ಲ. ತನ್ನ ಬೆರಳು ಬಾಯಿಗಿಡುವುದು ಮರೆತಿದೆ, ತಾಯಿ ಬೆರಳು ಕೊಟ್ಟರೆ ಹಿಡಿದು, ಸವರಿ, ಇದಲ್ಲ ಎಂಬಂತೆ ದೂಡಿ ಅಳುತ್ತದಂತೆ. "ಹೆತ್ತೋಳ ಬೆರಳು ಬೇಡ್ವಂತೆ ಅಕ್ಕ ಇವ್ಳಿಗೆ" ಎಂದು ಅವಳು ಬಿಕ್ಕಿದಳು. ಬೆರಳಕ್ಕ ಅವಳ ಬೆನ್ನು ಸವರಿ ಸಮಾಧಾನ ಹೇಳಿದಳು. ಆದರೆ ಆ ಮಾತು ಕಿವಿಗೆ ಬಿದ್ದಾಗ ಬೆರಳಕ್ಕನ ಮುಖ ಹೇಗೆ ಅರಳಿತೆಂದು ನಾನು ಕಂಡೆ. ಅವಳಿಗೆ ಸಂತೋಷವಾಗಿತ್ತು. ಹುಟ್ಟಿದಾಗಿನಿಂದ ಎಲ್ಲರಿಗೂ ಬೇಕಾದವಳೇ ಅವಳು, ಆದರೆ ಅವಳಿಲ್ಲದಿದ್ದರೆ ಆಗುವುದೇ ಇಲ್ಲ ಎಂದು ಯಾರೂ ಅತ್ತಿರಲಿಲ್ಲ.

ಆಮೇಲೆ ದಿನದ ಕೆಲಸ ಮುಗಿದೊಡನೆ ಅವಳೂ ಕಾಲರಿನವಳ ಜೊತೆ ಅವರ ಮನೆಗೆ ಹೋಗತೊಡಗಿದಳು. ಸಂಜೆ ಮಗುವನ್ನು ಮಲಗಿಸಿ, ಅವರಲ್ಲೇ ಎರಡು ತುತ್ತು ತಿಂದು ತನ್ನ ಕೋಣೆಗೆ ಮರಳುತ್ತಿದ್ದಳು. ಬಸ್ಸಿನ ಓಡಾಟ ನಿಂತಿತು. ಗುಂಡಮ್ಮನಿಗೆ ಹಲ್ಲು ಮೂಡುತ್ತಿದೆ, ಗುಂಡಮ್ಮ ಕನ್ನಡಿಯಲ್ಲಿ ತನ್ನನ್ನೇ ನೋಡಿ ನಾಚಿದಳು, ದಿನಕ್ಕೊಂದು ಸುದ್ದಿ ನನ್ನ ಒಲೆಯ ಮುಂದೆ ನಿಂತು ಹೇಳುವಳು. ಕೇಳಿ ಕೇಳಿ ನನ್ನ ಕಿವಿ ತೂತಾಯಿತು. ಆದರೂ ಅವಳನ್ನು ಅಷ್ಟು ಖುಷಿಯಾಗಿ ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಕಾಲರಿನವಳ ಲಾರಿ ಓಡಿಸುವ ಗಂಡನಿಗೆ ದೂರದ ಬಂದರಿನಲ್ಲಿ ಕಾಯಂ ಕೆಲಸ ಸಿಕ್ಕಿತು. ತಿಂಗಳ ಕೊನೆಗೆ ಸಂಸಾರ ಸಮೇತ ಹೊರಡುವುದೆಂದಾಯಿತು. ಕಾಲರಿನವಳಿಗೆ ಸಂತೋಷ ಒಂದು ಕಡೆ, ಮಗುವಿನ ಚಿಂತೆ ಇನ್ನೊಂದು ಕಡೆ. ಹಾಲೂಡಿಸುತ್ತಾ ಕೂತಿದ್ದವಳು ತಡೆಯಲಾರದೆ, "ಅಕ್ಕ, ನೀವೂ ನಮ್ ಜೊತೆ ಬಂದ್ಬಿಡಿ. ನಂಗೂ ಒಂದು ದಿಕ್ಕಾಗುತ್ತೆ" ಅಂದಳು. ಮಾರನೆಯ ದಿನ ಬೆರಳಕ್ಕ, ಕೆಲಸ ಬಿಡಬೇಕಾದರೆ ಎಷ್ಟು ಮುಂಚೆ ತಿಳಿಸಬೇಕೆಂದು ಮೇಲ್ವಿಚಾರಕಿಯನ್ನು ಕೇಳಿಕೊಂಡು ಬಂದಳು. ಕಡಲು ನೋಡಿದ್ದೀಯಾ ಎಂದು ನನ್ನನ್ನು ಕೇಳಿದಳು. ನಾನೆಲ್ಲಿ ನೋಡಲಿ. ಲಾಂಡ್ರಿಯವನಿಗೂ ಕೋಣೆ ಖಾಲಿಯಾಗಬಹುದೆಂದು ಹೇಳಿಟ್ಟಳಂತೆ. ಜೊತೆಗೆ ಬನ್ನಿ ಎಂಬ ಮಾತು ಕಾಲರಿನವಳ ಬಾಯಿಂದ ಇನ್ನೊಮ್ಮೆ ಬರಲೆಂದು ಕಾದಳು.

ಬರಲಿಲ್ಲ. ಕಾಲರಿನವಳು ಸಾಮಾನು ಕಟ್ಟುವ ಮಾತಾಡಿದಳು, ಬಂದರಿನ ಉಪ್ಪುಗಾಳಿಯ ಮಾತಾಡಿದಳು. ಸಿಕ್ಕಿರುವುದು ಒಂದೇ ಕೋಣೆಯ ಮನೆ, ಅತ್ತೆಯೂ ಬಂದಿರುತ್ತಾರಂತೆ, ಕಾಲು ಚಾಚಲೂ ಜಾಗವಿಲ್ಲ ಎಂದು ನಗುತ್ತಾ ಹೇಳಿದಳು. ಬೆರಳಕ್ಕನನ್ನು ಕರೆದಿದ್ದು ಅವಳಿಗೆ ನೆನಪೇ ಇರಲಿಲ್ಲ. ಅದರಲ್ಲಿ ಅವಳ ತಪ್ಪೇನೂ ಇಲ್ಲ, ನಿದ್ದೆಗೆಟ್ಟವರು ಏನೇನೋ ಅನ್ನುತ್ತಾರೆ.

ಆವತ್ತು ಬಾಟಲಿ ತೊಳೆಯುವ ತೊಟ್ಟಿಯ ಹತ್ತಿರ ಬೆರಳಕ್ಕ ನನ್ನ ಪಕ್ಕ ಬಂದು ನಿಂತಳು. ತಾನು ಹೋಗದಿದ್ದರೆ ಗುಂಡಮ್ಮ ಅಲ್ಲಿ ಮಲಗುವುದಿಲ್ಲ ಎಂದಳು. ಹೌದೆಂದೆ.

"ಖಂಡಿತ ಅಳ್ತಾಳೆ ಗುಂಡಮ್ಮ. ಒಂದಿನ ನೋಡ್ತಾರೆ, ಎರಡು ದಿನ ನೋಡ್ತಾರೆ. ಆಮೇಲೆ ಕರೆಸ್ಕೊಳ್ಳೇಬೇಕಲ್ಲ ನನ್ನ."

ಅವಳ ದನಿಯಲ್ಲಿ ಆಸೆ ಇತ್ತು. ಅದು ನನಗೆ ಹಿಡಿಸಲಿಲ್ಲ. ನನ್ನ ನಾಲಿಗೆ ಮೊದಲೇ ಸ್ವಲ್ಪ ಉದ್ದ.

"ಅಲ್ಲೀವರ್ಗೂ ಕೂಸು ಅಳ್ತಾ ಇರ್ಲಿ ಅಂತೀಯಾ ಅಕ್ಕ?"

ಅವಳು ಕೈಯಲ್ಲಿದ್ದ ಬಾಟಲಿಯನ್ನು ಮತ್ತೆ ಮತ್ತೆ ತೊಳೆದಳು. ಅದು ಆಗಲೇ ತೊಳೆದಿಟ್ಟ ಬಾಟಲಿ. ನಾನು ಕಸಿದುಕೊಳ್ಳಲಿಲ್ಲ.

ಮರುದಿನ ಮಧ್ಯಾಹ್ನ ಬೆರಳಕ್ಕ ಗುಂಡಮ್ಮನ ತೊಟ್ಟಿಲನ್ನು ಬೀರುವಿನ ಮರೆಗೆ ಎಳೆದುಕೊಂಡಳು. ಅವಳೇನು ಮಾಡುತ್ತಿದ್ದಾಳೆಂದು ಇಣುಕಿದವಳು ದಂಗಾದೆ. ಮಗು ನಿದ್ದೆಗೆ ಜಾರುವ ಹೊತ್ತಿಗೆ ತನ್ನ ಹೆಬ್ಬೆರಳನ್ನು ಆ ಮುಷ್ಟಿಯಿಂದ ಮೆಲ್ಲನೆ ಹೊರಗೆಳೆದು, ಮಗುವಿನ ಹೆಬ್ಬೆರಳನ್ನೇ ಅದರ ತುಟಿಗೆ ತಾಗಿಸುತ್ತಿದ್ದಳು. ಇಷ್ಟು ವರ್ಷ ಬಿಡಿಸಿದ ಕೈ ಈಗ ಇಡಿಸಲು ಕೂತಿತ್ತು. ಗುಂಡಮ್ಮ ಮೊದಲು ಅದನ್ನು ಆಟವೆಂದುಕೊಂಡು ಕಿಲಕಿಲ ನಕ್ಕಳು. ಆಮೇಲೆ ಕೋಪ ಬಂದು ಕೋಣೆ ಹಾರಿಹೋಗುವಂತೆ ಕಿರುಚಿದಳು, ಉಳಿದವರೆಲ್ಲ ಎದ್ದು ದನಿಗೂಡಿಸಿದರು. ಬೆರಳಕ್ಕ ಮಗುವನ್ನು ತಟ್ಟುತ್ತಾ ಕೂತಳೇ ಹೊರತು ತನ್ನ ಬೆರಳು ಮತ್ತೆ ಕೊಡಲಿಲ್ಲ. ಕೊಡಲು ಕೈ ಮುಂದೆ ಹೋಗುತ್ತಿತ್ತು, ಹಿಂದೆ ಎಳೆದುಕೊಳ್ಳುತ್ತಿದ್ದಳು. ಕೊನೆಗೆ ಆ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಅದರ ಮೇಲೆ ಕೂತಳು. ಹಾಗೆ ಎಷ್ಟೋ ಮಧ್ಯಾಹ್ನ ನಡೆಯಿತು. ಒದ್ದೆ ಬಟ್ಟೆಗಳೆಲ್ಲ ನನ್ನ ಪಾಲಿಗೇ ಬಂದವು, ಈ ಸಲ ನಾನು ಸೊಲ್ಲೆತ್ತಲಿಲ್ಲ.

ಗುಂಡಮ್ಮನ ಬಾಯಿ ಕೊನೆಗೂ ತನ್ನ ಬೆರಳನ್ನು ಗುರುತು ಹಿಡಿದದ್ದು, ನಮ್ಮ ಗ್ರಹಚಾರಕ್ಕೆ, ಕಂಪನಿಯವರು ನೋಡಲು ಬಂದ ದಿನ. ಮೇಲ್ವಿಚಾರಕಿ ಬೆಳಗಿನಿಂದ ಕೋಣೆಯನ್ನು ಕನ್ನಡಿಯಂತೆ ಫಳಫಳ ಮಾಡಿಸಿದ್ದಳು. ನಾಲ್ಕಾರು ಜನ ಒಳಗೆ ಬಂದರು, ಗೋಡೆಯ ಚಿತ್ರ ನೋಡಿದರು, ನನ್ನ ಪಾತ್ರೆ ನೋಡಿದರು. ಅಷ್ಟರಲ್ಲಿ ಅವರಲ್ಲೊಬ್ಬಳು ಬೀರುವಿನ ಆಚೆಗೆ ಹೆಜ್ಜೆ ಹಾಕಿದಳು. ಅಲ್ಲಿ ಗುಂಡಮ್ಮ ಹೆಬ್ಬೆರಳು ಬಾಯಲ್ಲಿಟ್ಟು, ಕೆನ್ನೆ ಒಳಗೆಳೆದುಕೊಂಡು ಚೀಪುತ್ತಾ ನಿದ್ದೆ ಹೋಗಿದ್ದಳು. ಮೇಲ್ವಿಚಾರಕಿಗೆ ಬೆವರು ಬಂತು. ಹಿಂದಿನಿಂದ ಕೈಸನ್ನೆ ಮಾಡಿ, ತೆಗಿ ತೆಗಿ ಎಂದು ಪಿಸುಗುಟ್ಟಿದಳು. ಬೆರಳಕ್ಕ ಅಲುಗಲಿಲ್ಲ. ಮೇಲ್ವಿಚಾರಕಿ ತಾನೇ ಕೈ ಚಾಚಿದಾಗ ಎದ್ದು ತೊಟ್ಟಿಲಿಗೆ ಅಡ್ಡ ನಿಂತಳು.

"ಬೇಡ ಮೇಡಂ. ಈಗಷ್ಟೇ ಒಬ್ಳೇ ಮಲಗೋದು ಕಲ್ತಿದಾಳೆ."

ಬಂದವರಿಗೆ ಇದೆಲ್ಲ ಅರ್ಥವಾದ ಹಾಗೆ ಕಾಣಲಿಲ್ಲ, ಮಗುವನ್ನು ನೋಡಿ ಮುಂದೆ ಹೋದರು. ಮೇಲ್ವಿಚಾರಕಿ ಮಾತ್ರ ಮರೆಯಲಿಲ್ಲ. ನಿನ್ನನ್ನು ನಂಬಿದ್ದಕ್ಕೆ ಒಳ್ಳೆಯ ಮರ್ಯಾದೆ ಮಾಡಿದೆ ಎಂದು ಸಂಜೆ ಎಲ್ಲರ ಮುಂದೆ ಬೈದು, ಅವಳನ್ನು ತೊಟ್ಟಿಲುಗಳಿಂದ ತೆಗೆದು ಬಟ್ಟೆ ಒಗೆಯಲು ಹಾಕಿದಳು.

ಹೊರಡುವ ದಿನ ಕಾಲರಿನವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಹೇಳಿ ಹೋಗಲು ಬಂದಳು. ಪಾಪ, ಅವಳಿಗೆ ಏನೂ ಗೊತ್ತಿರಲಿಲ್ಲ. ನೀವು ಪಟ್ಟ ಕಷ್ಟವೆಲ್ಲ ನೀರಿನಲ್ಲಿ ಹೋಮವಾಯಿತು, ಈ ಕಳ್ಳಿ ಮತ್ತೆ ಬೆರಳು ಶುರು ಮಾಡಿದ್ದಾಳೆ ಎಂದು ನೊಂದುಕೊಂಡಳು. ನಿಜ ಹೇಳಿಬಿಡುತ್ತಾಳೇನೋ ಎಂದು ನಾನು ಬೆರಳಕ್ಕನ ಮುಖ ನೋಡಿದೆ. ಅವಳು ಸೋಪಿನ ಕೈ ಒರೆಸಿಕೊಂಡು, "ಇರ್ಲಿ ಬಿಡಮ್ಮ, ಬೈಬೇಡ. ದೊಡ್ಡೋಳಾದ್ಮೇಲೆ ತಾನೇ ಬಿಡ್ತಾಳೆ" ಅಂದಳು. ಡಾಕ್ಟರು ಹೇಳಿದ್ದನ್ನೇ ತನ್ನ ಮಾತಿನಂತೆ ಹೇಳಿದಳು. ಗುಂಡಮ್ಮ ತಾಯಿಯ ಹೆಗಲ ಮೇಲಿಂದ ನಮ್ಮಿಬ್ಬರನ್ನೂ ನೋಡುತ್ತಾ ಚೀಪುತ್ತಿದ್ದಳು. ಬೆರಳಕ್ಕ ಮುಟ್ಟಲು ಹೋಗಲಿಲ್ಲ.

ಒಂದಷ್ಟು ದಿನವಾದ ಮೇಲೆ ನಾವು ಊಟಕ್ಕೆ ಕೂತಿದ್ದಾಗ ಕಾಲರಿನವಳ ಫೋನು ಬಂತು. ಬೆರಳಕ್ಕನ ಕಿವಿ ಸ್ವಲ್ಪ ಮಂದ, ಅವಳ ಫೋನು ಜೋರಾಗಿಯೇ ಮಾತಾಡುತ್ತದೆ, ನನಗೂ ಎಲ್ಲ ಕೇಳುತ್ತಿತ್ತು. ಮನೆ ಸಾಲದು, ಆದರೆ ಗಾಳಿ ಚೆನ್ನಾಗಿದೆ. ಅತ್ತೆ ಪರವಾಗಿಲ್ಲ. ಗುಂಡಮ್ಮ ಗೋಡೆ ಹಿಡಿದು ನಿಲ್ಲುತ್ತಾಳೆ. ನಿದ್ದೆಯ ತಂಟೆಯೇ ಇಲ್ಲ, ಬೆರಳು ಬಾಯಿಗಿಟ್ಟುಕೊಂಡರೆ ಸಾಕು, ಯಾರೂ ಬೇಡ ಅವಳಿಗೆ, ತಾನೇ ಮಲಗುತ್ತಾಳೆ. ಬೆರಳಕ್ಕ ಎಲ್ಲಕ್ಕೂ ಹೂಂಗುಟ್ಟಿದಳು, ಒಳ್ಳೆಯದಾಯಿತು ಎಂದಳು, ಕೈ ಚೊಕ್ಕಟವಾಗಿ ಒರೆಸಿ ಮಲಗಿಸು ಎಂದಳು. ಆಮೇಲೆ ಸ್ವಲ್ಪ ಹಿಂದೆಮುಂದೆ ನೋಡಿ ಕೇಳಿದಳು.

"ನನ್ನ ಏನಾದ್ರೂ ನೆನೆಸ್ಕೋತಾಳಾ?"

ಆ ಕಡೆಯಿಂದ ನಗು ಬಂತು. ಕೆಟ್ಟ ನಗುವಲ್ಲ.

"ಅಯ್ಯೋ ಅಕ್ಕ, ಅಷ್ಟು ಚಿಕ್ಕ ಕೂಸಿಗೆ ಏನ್ ನೆನಪಿರುತ್ತೆ!"

"ಅದೂ ನಿಜವೇ" ಎಂದಳು ಬೆರಳಕ್ಕ. ಹಲ್ಲು ಎಷ್ಟು ಬಂದಿವೆ ಎಂದು ವಿಚಾರಿಸಿದಳು, ಹುಷಾರು ಎಂದು ಹೇಳಿ ಫೋನು ಇಟ್ಟಳು. ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು ಒಂದು ತುತ್ತು ಕಲಸಿದಳು. ಬಾಯಿಗಿಡಲಾಗಲಿಲ್ಲ, ಎಂಜಲು ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ನಾನು ಪಕ್ಕಕ್ಕೆ ಸರಿದು ಅವಳಿಗೆ ತಾಗಿಕೊಂಡು ಕೂತೆ, ಅವಳು ಅಳುವುದು ಮುಗಿಯುವ ತನಕ.